ಅರ್ಥ ನಮ್ಮದಿರಲಿ, ಪ್ರಸಂಗ ಕೆಡದಿರಲಿ

ಶಾಲೆಯ ವಾರ್ಷಿಕೋತ್ಸವವಿರಲಿ, ಪ್ರತಿಭಾ ಕಾರಂಜಿಯಿರಲಿ, ಒಬ್ಬಳಾದರೂ ಕಿತ್ತೂರು ಚೆನ್ನಮ್ಮ ರಂಗಕ್ಕೆ ಬಂದೇ ಬರುತ್ತಾಳೆ. ರಟ್ಟಿನ ಕತ್ತಿ, ಅಮ್ಮನ ರೇಷ್ಮೆ ಸೀರೆ, ಕಪ್ಪ ಕೇಳಿದವನ ಮೇಲೆ ಗುಡುಗುವ ಮಾತು. ಚಪ್ಪಾಳೆಗೆ ಕೊರತೆಯಿಲ್ಲ. ಆದರೆ ವೇಷ ಕಳಚಿದ ಮೇಲೆ, 1824ರಲ್ಲಿ ಕಿತ್ತೂರಿನಲ್ಲಿ ನಡೆದದ್ದೇನೆಂದು ಕೇಳಿದರೆ ಎಷ್ಟೋ ಮಕ್ಕಳು ತಾಯಿಯ ಮುಖ ನೋಡುತ್ತಾರೆ. ಸಂಸ್ಥಾನದ ದತ್ತು ವಾರಸನನ್ನು ಕಂಪೆನಿ ಸರಕಾರ ಒಪ್ಪದಿದ್ದುದೇ ಜಗಳದ ಮೂಲವೆಂಬುದು ಬಾಯಿಪಾಠದಲ್ಲಿ ಬಂದಿರುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಊರಲ್ಲೇ ಇದೆ. ಅದು ತಾಳಮದ್ದಲೆ. ಅರ್ಥಧಾರಿಗೆ ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರ ಪದ್ಯ ಮುಗಿದೊಡನೆ ಮಾತನ್ನು ತಾನೇ ಕಟ್ಟುತ್ತಾನೆ. ತನ್ನ ಓದು, ತಾನು ಕಂಡ ಸುಖದುಃಖ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಎಷ್ಟೇ ಮಾತು ಬಲ್ಲವನಾದರೂ ಕೊನೆಗೆ ಕರ್ಣನನ್ನು ಗೆಲ್ಲಿಸುವಂತಿಲ್ಲ.

ಇತಿಹಾಸದ ಏಕಪಾತ್ರಾಭಿನಯಕ್ಕೂ ಇದೇ ನಿಯಮ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನೇ ತೆಗೆದುಕೊಳ್ಳಿ. 16ನೆಯ ಶತಮಾನದಲ್ಲಿ ಆಳಿದ ಆಕೆಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಕೊನೆಗೆ ಆಕೆ ಕೆಳದಿಯವರಿಗೆ ಸೋತಳು. ಇದು ಪ್ರಸಂಗ. ಇನ್ನು ಅರ್ಥ? ಅಭಿನಯಿಸುವ ಹುಡುಗಿಯ ಮನೆಯ ಅಡಿಕೆ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಹಸಿರು ಕಾಳು ಬಿಸಿಲಿಗೆ ಒಣಗಿ ಕಪ್ಪಾಗುವುದನ್ನೂ ದರ ಇಳಿದ ದಿನ ಅಪ್ಪ ಮಾತಿಲ್ಲದೆ ಕೂರುವುದನ್ನೂ ಅವಳು ನೋಡಿದ್ದಾಳೆ. ಕೊಳ್ಳುವವನು ಹೇಳಿದ ಬೆಲೆಗೇ ಕೊಡಬೇಕೆ ಎಂಬ ಪ್ರಶ್ನೆ ರಾಣಿಗೂ ಎದುರಾಗಿರಬಹುದು. ಅಲ್ಲಿಂದ ಶುರುವಾದ ಮಾತು ಹುಡುಗಿಯದೂ ಹೌದು, ರಾಣಿಯದೂ ಹೌದು.

ರಾಣಿಯೇ ಆಗಬೇಕೆಂದಿಲ್ಲ. 1932ರ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ ಸೀಮೆಯ ಹೆಂಗಸರು, ಹರಾಜಾದ ಜಮೀನು ಕೊಂಡವರ ಮನೆಯೆದುರು ಉಪವಾಸ ಕುಳಿತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಕತ್ತಿ ಹಿಡಿಯದ ಈ ನಾಯಕಿಯರ ಪಾತ್ರ ಮಾಡಬೇಕಾದರೆ, ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಮೊಮ್ಮಗಳು ಕುಳಿತು ಕೇಳಬೇಕಾಗುತ್ತದೆ. ತನ್ನ ಮನೆಯ ಗದ್ದೆಯೇ ಹರಾಜಿಗೆ ಬಂದರೆ ತಾನೇನು ಮಾಡುತ್ತಿದ್ದೆ ಎಂದು ಯೋಚಿಸಬೇಕಾಗುತ್ತದೆ.

ಪಾಲಕರು ದಯವಿಟ್ಟು ಸಂಭಾಷಣೆ ಬರೆದುಕೊಡಬಾರದು. ಬದಲಿಗೆ ಒಂದು ಹಾಳೆಯ ನಡುವೆ ಗೆರೆ ಎಳೆದುಕೊಡಲಿ. ಎಡಕ್ಕೆ ‘ನಡೆದದ್ದು’, ಬಲಕ್ಕೆ ‘ನಾನು ಊಹಿಸಿದ್ದು’. ಪ್ರಯೋಗಶಾಲೆಯಲ್ಲಿ ಕಂಡದ್ದನ್ನೂ ಊಹೆಯನ್ನೂ ಬೇರೆಬೇರೆ ಬರೆಯುವುದಿಲ್ಲವೆ, ಹಾಗೆಯೇ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲ ಮಗು ಬಹುಮಾನ ತಪ್ಪಿದರೂ ಏನನ್ನೋ ಗಳಿಸಿಯೇ ಇರುತ್ತದೆ. ತೀರ್ಪುಗಾರರೂ ಅಷ್ಟೇ, ಗಂಟಲಿನ ಜೋರಿಗೆ ಕೊಡುವ ಅಂಕದಲ್ಲಿ ಒಂದಿಷ್ಟನ್ನು ಆ ಹಾಳೆಗೂ ಮೀಸಲಿಡುವುದು ಒಳ್ಳೆಯದು.