ಮನೆಯ ಪುಸ್ತಕದ ಕಪಾಟು: ಒಡೆಯನಿಲ್ಲದ ವೀರ

ಹೋದ ತಿಂಗಳು ವೈಟ್‌ಫೀಲ್ಡಿನ ಗೃಹಿಣಿಯೊಬ್ಬರು ನಮ್ಮನ್ನು ಕಂಡು ಹೀಗೆ ಕೇಳಿದರು: “ಹನ್ನೆರಡು ವರ್ಷದ ಮಗನು ಕತ್ತಿ ಹಿಡಿದ ಮೊಲದ ಚಿತ್ರವುಳ್ಳ ಪುಸ್ತಕವನ್ನು ತಂದು ಹಗಲಿರುಳು ಓದುತ್ತಾನೆ. ಬಿಡಬಹುದೇ, ಕಸಿದಿಡಬೇಕೇ?” ಅವರ ಯಜಮಾನರಿಗೆ ಆರು ತಿಂಗಳಿಂದ ಉದ್ಯೋಗವಿಲ್ಲವೆಂಬುದನ್ನೂ ಮೆಲ್ಲನೆ ಹೇಳಿದರು. ಪುಸ್ತಕವನ್ನು ತರಿಸಿ ಓದಿದೆವು. ನಮ್ಮ ಅಭಿಪ್ರಾಯವನ್ನು ಎಲ್ಲ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಈ ಚಿತ್ರಮಾಲೆಯ ಹೆಸರು ‘ಉಸಾಗಿ ಯೊಜಿಂಬೊ’. ಜಪಾನೀ ಭಾಷೆಯಲ್ಲಿ ‘ಉಸಾಗಿ’ ಎಂದರೆ ಮೊಲ. ‘ಯೊಜಿಂಬೊ’ ಎಂದರೆ ಮೈಗಾವಲಿನವನು. ಕರ್ತೃಗಳು ಸ್ಟಾನ್ ಸಕಾಯಿ. ಇವರು 1953ರಲ್ಲಿ ಕ್ಯೋಟೋ ನಗರದಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ಹವಾಯಿಯನ್ನು ಸೇರಿ ಅಲ್ಲಿ ಬೆಳೆದವರು. 1984ರಲ್ಲಿ ಮೊದಲು ಅಚ್ಚಾದ ಈ ಮಾಲೆಯು ನಾಲ್ವತ್ತು ವರ್ಷಗಳನ್ನು ಮೀರಿ ನಡೆದುಬಂದಿರುವುದು.

ಕಥೆಯ ಕಾಲ ಹದಿನೇಳನೆಯ ಶತಮಾನದ ಆರಂಭ. ನಾಯಕನಾದ ಮೊಲಕ್ಕೆ ಜಪಾನಿನ ಪ್ರಸಿದ್ಧ ಖಡ್ಗವೀರ ಮಿಯಾಮೋಟೋ ಮುಸಾಶಿಯೇ ಮಾದರಿ. ಯುದ್ಧದಲ್ಲಿ ಒಡೆಯನು ಮಡಿದುದರಿಂದ ಇವನು ‘ರೋನಿನ್’, ಎಂದರೆ ಒಡೆಯನಿಲ್ಲದ ಯೋಧ. ಅನ್ನಕ್ಕಾಗಿ ಊರೂರು ಅಲೆಯುವನು. ಆದರೆ ಅನ್ನಕ್ಕಾಗಿ ಅನ್ಯಾಯದ ಕೆಲಸಕ್ಕೆ ಒಪ್ಪನು. ಸಂಬಳ ಕೊಡುವ ಕೈ ಇಲ್ಲವಾದ ಮೇಲೂ ಮನುಷ್ಯನ ಮರ್ಯಾದೆ ಉಳಿಯಬಲ್ಲುದೆಂಬುದೇ ಈ ಕಥೆಯ ತಿರುಳು. ಕಾರ್ಖಾನೆಯ ಬಾಗಿಲು ಮುಚ್ಚಿದ ದಿನವನ್ನು ಕಂಡಿರುವ ಪೀಣ್ಯದ ಮನೆಗಳಿಗೆ ಇದು ದೂರದೇಶದ ಮಾತೇನೂ ಅಲ್ಲ.

ಕಾಳಗವೊಂದೇ ಇದರಲ್ಲಿಲ್ಲ. ಗಾಳಿಪಟ ಕಟ್ಟುವ ಬಗೆ, ಕತ್ತಿ ಕಾಯಿಸಿ ಬಡಿಯುವ ಕ್ರಮ ಮೊದಲಾದ ಕಸಬುಗಳ ವಿವರವು ಕಥೆಯೊಳಗೇ ಹೆಣೆದುಕೊಂಡಿದೆ. ಐತಿಹ್ಯವನ್ನೂ ವಾಸ್ತವವನ್ನೂ ಹೀಗೆ ಬೆಸೆದುದಕ್ಕಾಗಿ 1990ರಲ್ಲಿ ಅಮೆರಿಕದ ‘ಪೇರೆಂಟ್ಸ್ ಚಾಯ್ಸ್’ ಪ್ರಶಸ್ತಿ ದೊರೆಯಿತು. ‘ಗ್ರಾಸ್‌ಕಟರ್’ ಎಂಬ ದೀರ್ಘಕಥೆಗೆ 1999ರಲ್ಲಿ ಐಸ್ನರ್ ಪುರಸ್ಕಾರ ಬಂದಿತು.

ಹುಟ್ಟಿದ ನಾಡನ್ನು ಎಳವೆಯಲ್ಲೇ ಬಿಟ್ಟವರು ಓದಿನಿಂದಲೂ ಪ್ರೀತಿಯಿಂದಲೂ ಆ ನಾಡನ್ನು ಕಾಗದದ ಮೇಲೆ ಮರಳಿ ಪಡೆದರೆಂಬುದು ವಿಚಾರಾರ್ಹವಾಗಿದೆ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮುಂಬಯಿ ಸೇರಿದ ಅನಂತ ಪೈಯವರು 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯನ್ನು ಕಟ್ಟಿದುದನ್ನು ಇಲ್ಲಿ ನೆನೆಯಬಹುದು. ಅಜ್ಜಿಯ ಊರನ್ನು ರಜೆಯಲ್ಲಿ ಮಾತ್ರ ಕಾಣುವ ಎಲೆಕ್ಟ್ರಾನಿಕ್ ಸಿಟಿಯ ಮಕ್ಕಳಿಗೆ ಇವೆರಡೂ ಮೇಲ್ಪಂಕ್ತಿಗಳೇ ಸರಿ.

ದೋಷವನ್ನೂ ಹೇಳಬೇಕು. ಕಥೆಗಳಲ್ಲಿ ಸಾವು ಹೇರಳ. ರಕ್ತವನ್ನು ಹೆಚ್ಚು ತೋರದೆ, ಸತ್ತವನ ತಲೆಯ ಮೇಲೆ ಪುಟ್ಟ ತಲೆಬುರುಡೆಯನ್ನು ಬರೆಯುವ ಸಂಯಮವಿದ್ದರೂ, ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಇದು ತಕ್ಕದ್ದಲ್ಲ. ಭಾಷೆ ಇಂಗ್ಲಿಷಾದುದರಿಂದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ವಿವರಿಸಿದರೆ ಲೇಸು. ಮೊದಲನೆಯ ಸಂಪುಟವಾದ ‘ದಿ ರೋನಿನ್’‌ನಿಂದ ಆರಂಭಿಸಬಹುದು.

ಆ ಗೃಹಿಣಿಗೆ ನಾವು ಹೇಳಿದುದಿಷ್ಟೆ: “ಪುಸ್ತಕವನ್ನು ಕಸಿಯಬೇಡಿರಮ್ಮಾ. ಮಗನೊಡನೆ ಅದನ್ನು ಓದುವಂತೆ ಯಜಮಾನರಿಗೆ ಹೇಳಿರಿ.” ಮಗನು ಆ ಮೊಲದಲ್ಲಿ ಯಾರನ್ನು ಕಾಣುತ್ತಿರುವನೆಂಬುದು ತಂದೆಗೆ ತಾನಾಗಿಯೇ ತಿಳಿದೀತು.