ಬಾಂದ್ರಾದ ಬಾಗಿಲು, ಚೆಂಬೂರಿನ ಹೊಣೆ

ಮುಂಬಯಿಯ ಚೆಂಬೂರಿನಲ್ಲಿ ಸಂಸಾರ ಹೂಡಿದ ದಂಪತಿಗಳು, ಹಿರಿಯರ ಸಂಧಾನವೂ ಬಂಧುಗಳ ಹಿತವಚನವೂ ನಿಷ್ಫಲವಾಗಿ, ಇನ್ನು ಮುಂದೆ ಒಬ್ಬರಿಗೊಬ್ಬರು ಭಾರವಾಗದೆ ಬೇರೆಯಾಗಿಯೇ ಬಾಳುವುದು ಲೇಸೆಂದು ನಿಶ್ಚಯಿಸಿದಾಗ, ಆ ನಿಶ್ಚಯಕ್ಕೆ ಶಾಸನದ ಮುದ್ರೆ ದೊರೆಯುವುದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕುಟುಂಬ ನ್ಯಾಯಾಲಯದಲ್ಲಿ. 1989ರಲ್ಲಿ ಸ್ಥಾಪಿತವಾದ ಆ ನ್ಯಾಯಾಲಯಕ್ಕೆ ಹೋಗುವ ಮುನ್ನ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, ಯಾವ ವಕೀಲರನ್ನು ಹಿಡಿಯೋಣ ಎಂಬುದು. ಹಿಡಿಯಲೇಬೇಕೆ ಎಂದು ಕೇಳುವವರು ವಿರಳ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 13ನೆಯ ಕಲಮು ಇದಕ್ಕೆ ಕೊಡುವ ಉತ್ತರವು ಅನೇಕರಿಗೆ ವಿಸ್ಮಯವನ್ನುಂಟುಮಾಡೀತು. ಈ ನ್ಯಾಯಾಲಯದಲ್ಲಿ ವಕೀಲರ ಮೂಲಕ ವಾದಿಸುವುದು ಯಾವ ಕಕ್ಷಿದಾರನಿಗೂ ಹಕ್ಕಾಗಿ ಪ್ರಾಪ್ತವಾದುದಲ್ಲ. ನ್ಯಾಯದ ಹಿತಕ್ಕೆ ಅವಶ್ಯವೆಂದು ಕಂಡಲ್ಲಿ ನ್ಯಾಯಾಧೀಶರೇ ಒಬ್ಬ ಶಾಸನಜ್ಞನನ್ನು ನ್ಯಾಯಾಲಯದ ಮಿತ್ರನನ್ನಾಗಿ ಕರೆಯಿಸಿಕೊಳ್ಳಬಹುದು. ಎಂದರೆ, ಶಾಸನಕರ್ತರ ಕಲ್ಪನೆಯಲ್ಲಿ ಪತಿಯೂ ಪತ್ನಿಯೂ ತಮ್ಮ ಮಾತನ್ನು ತಾವೇ ಆಡತಕ್ಕವರು, ವಕೀಲರು ಅನುಮತಿ ಪಡೆದು ಬರತಕ್ಕವರು. ಕಾಲಕ್ರಮದಲ್ಲಿ ಆ ಅನುಮತಿಯು ರೂಢಿಯಾಗಿ, ಅಪವಾದವಾಗಿದ್ದುದೇ ನಿಯಮದಂತೆ ತೋರತೊಡಗಿತು.

ಈ ವಿಧಿಯ ಹಿಂದೆ ಒಂದು ವಿಚಾರಪರಂಪರೆಯುಂಟು. 1974ರಲ್ಲಿ ಭಾರತದ ಕಾನೂನು ಆಯೋಗವು ತನ್ನ 59ನೆಯ ವರದಿಯಲ್ಲಿ, ಕುಟುಂಬದ ವ್ಯಾಜ್ಯಗಳನ್ನು ಸಾಲದ ಮತ್ತು ಜಮೀನಿನ ದಾವೆಗಳ ರೀತಿಯಲ್ಲಿ ವಿಚಾರಿಸುವುದು ಸಲ್ಲದೆಂದೂ, ವಿಚಾರಣೆ ತೊಡಗುವುದಕ್ಕೆ ಮುನ್ನ ರಾಜಿಗೆ ಪ್ರಾಮಾಣಿಕವಾದ ಯತ್ನ ನಡೆಯಬೇಕೆಂದೂ ಹೇಳಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಪಿ. ಬಿ. ಗಜೇಂದ್ರಗಡ್ಕರ್. ನಮ್ಮ ಗಜೇಂದ್ರಗಡದ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ, ಮುಂಬಯಿಯ ಉಚ್ಚ ನ್ಯಾಯಾಲಯದ ಪೀಠದಿಂದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಪದವಿಗೇರಿದ ಈ ಮಹನೀಯರನ್ನು ಮುಂಬಯಿ ಕನ್ನಡಿಗರು ಇನ್ನಷ್ಟು ಸ್ಮರಿಸಬೇಕಾಗಿತ್ತೆಂದು ನನ್ನ ಭಾವನೆ. ಆ ವರದಿಯ ಬೆನ್ನಿಗೆ 1976ರಲ್ಲಿ ಹಿಂದೂ ವಿವಾಹ ಕಾಯಿದೆಗೆ ತಿದ್ದುಪಡಿಯಾಗಿ, ಪರಸ್ಪರ ಸಮ್ಮತಿಯಿಂದ ವಿಚ್ಛೇದನ ಪಡೆಯುವ 13ಬಿ ಕಲಮು ಸೇರಿತು. 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಬಂದಿತು.

ಅದಕ್ಕೂ ಹಿಂದಿನ ಸ್ಥಿತಿಯನ್ನು ನೆನೆದರೆ ಸಮ್ಮತಿಯಿಂದ ಬೇರೆಯಾಗುವ ಈ ಹಕ್ಕಿನ ಬೆಲೆ ತಿಳಿಯುತ್ತದೆ. ಬಾಲ್ಯದಲ್ಲಿಯೇ ವಿವಾಹವಾಗಿದ್ದ ರುಖ್ಮಾಬಾಯಿಯು ಪತಿಗೃಹಕ್ಕೆ ಹೋಗಲು ಒಪ್ಪದಿದ್ದಾಗ, 1887ರಲ್ಲಿ ಇದೇ ಮುಂಬಯಿಯ ಉಚ್ಚ ನ್ಯಾಯಾಲಯವು, ಗಂಡನೊಡನೆ ಬಾಳು, ಇಲ್ಲವೆ ಆರು ತಿಂಗಳು ಸೆರೆಮನೆಯಲ್ಲಿರು ಎಂದು ಆಜ್ಞಾಪಿಸಿತು. ಸೆರೆಮನೆಯೇ ಮೇಲೆಂದು ಆಕೆ ದಿಟ್ಟತನದಿಂದ ನುಡಿದಳು. ಮರುವರ್ಷ ರಾಜಿಯಾಗಿ ಬಿಡುಗಡೆ ಪಡೆದ ಆ ಮಹಿಳೆ ಮುಂದೆ ವೈದ್ಯೆಯಾಗಿ ಸಹಸ್ರಾರು ಸ್ತ್ರೀಯರ ಸೇವೆಗೈದಳು. ಮುಂಬಯಿ ಪ್ರಾಂತವು ಹಿಂದೂ ದಂಪತಿಗಳಿಗೆ ವಿಚ್ಛೇದನದ ಕಾಯಿದೆಯನ್ನು ಮಾಡಿದ್ದು 1947ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರೂ ಆಗ ಅದೇ ಪ್ರಾಂತದವರು.

ಆದರೆ ಚೆಂಬೂರಿಗೆ ಬಂದು ನೆಲಸಿದ ನಮ್ಮವರಲ್ಲಿ ಬಹುಮಂದಿಯ ಮೂಲ ಕರಾವಳಿ. ಅಲ್ಲಿಯ ಅಳಿಯಸಂತಾನದ, ಎಂದರೆ ತಾಯಿಯ ಕಡೆಯಿಂದ ವಂಶ ಸಾಗುವ, ಮನೆಗಳಲ್ಲಿ ದಾಂಪತ್ಯ ಕೆಟ್ಟ ಹೆಣ್ಣು ತನ್ನ ತಾಯಿಯ ಮನೆಗೆ ಹಿಂತಿರುಗಿ ಗೌರವದಿಂದಲೇ ಬಾಳುತ್ತಿದ್ದಳು, ಹತ್ತು ಸಮಸ್ತರ ಎದುರಿಗೆ ಬಿಡುಗಡೆಯಾಗುವುದು ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಆ ವಿಷಯವನ್ನು ಶಾಸನದ ಚೌಕಟ್ಟಿಗೆ ತಂದಿತು. ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ಇಂದಿಗೂ ರೂಢಿಯ ವಿಚ್ಛೇದನವನ್ನು ಮಾನ್ಯಮಾಡುತ್ತದೆಯಾದರೂ, ಆ ರೂಢಿಯು ಪ್ರಾಚೀನವೂ ಅವಿಚ್ಛಿನ್ನವೂ ಆದುದೆಂದು ಸಾಕ್ಷ್ಯದಿಂದ ಸ್ಥಾಪಿಸುವ ಭಾರವು ಅದನ್ನು ಹೇಳಿಕೊಳ್ಳುವವರ ಮೇಲೆಯೇ ಬೀಳುತ್ತದೆ. ಇದನ್ನರಿಯದೆ, ಛಾಪಾ ಕಾಗದದ ಮೇಲೆ ಎರಡು ಪುಟ ಬರೆಯಿಸಿ, ನೋಟರಿಯ ಮೊಹರು ಹಾಕಿಸಿ, ಸಂಬಂಧ ಮುಗಿಯಿತೆಂದು ಭಾವಿಸಿ ಮರುಮದುವೆಯಾಗುವವರನ್ನು ನಾನು ಬಲ್ಲೆ. ಮರಾಠಿಗರು ಸೋಡಚಿಠ್ಠಿಯೆಂದು ಕರೆಯುವ ಆ ಕಾಗದದಿಂದ ಮೊದಲಿನ ವಿವಾಹವು ಶಾಸನದ ದೃಷ್ಟಿಯಲ್ಲಿ ಅಳಿಯುವುದಿಲ್ಲ. ಎರಡನೆಯ ವಿವಾಹವು ಅಸಿಂಧುವಾಗಿ, ಅದನ್ನು ನಂಬಿ ಬಂದ ಹೆಣ್ಣುಮಗಳು ಹೆಂಡತಿಯ ಸ್ಥಾನವನ್ನೇ ಕಳೆದುಕೊಳ್ಳುತ್ತಾಳೆ. ವಕೀಲರ ಶುಲ್ಕಕ್ಕೆ ಹೆದರಿ ಜನ ಇಂಥ ಕಾಗದಕ್ಕೆ ಶರಣಾಗುತ್ತಾರೆಂಬುದೇ, ಸ್ವತಃ ಅರ್ಜಿ ಸಲ್ಲಿಸುವ ಹಕ್ಕನ್ನು ಮನೆಮನೆಗೂ ತಿಳಿಸಬೇಕೆಂಬ ನನ್ನ ಮಾತಿಗೆ ಮೊದಲ ಕಾರಣ.

ಆ ಮಾರ್ಗವಾದರೋ ದುರ್ಗಮವಾದುದಲ್ಲ. ಮದುವೆ ಉಡುಪಿಯಲ್ಲಿಯೋ ಕುಂದಾಪುರದಲ್ಲಿಯೋ ಆಗಿದ್ದರೂ, ದಂಪತಿಗಳು ಕಡೆಯ ಬಾರಿ ಒಟ್ಟಿಗೆ ವಾಸಿಸಿದ್ದು ಚೆಂಬೂರಿನಲ್ಲಾಗಿದ್ದರೆ ಬಾಂದ್ರಾದ ನ್ಯಾಯಾಲಯಕ್ಕೆ ಅಧಿಕಾರವುಂಟು. ಊರಿಗೆ ಹೋಗಿ ದಾವೆ ಹೂಡುವ ಅಗತ್ಯವಿಲ್ಲ. ಸಮ್ಮತಿಯ ಅರ್ಜಿಗೆ ಮುನ್ನ ಒಂದು ವರ್ಷವಾದರೂ ಅವರು ಪ್ರತ್ಯೇಕವಾಗಿ ಬಾಳಿರಬೇಕು. ಹೊಸ ಮನೆ ಹಿಡಿಯುವ ಶಕ್ತಿಯಿಲ್ಲದೆ ಒಂದೇ ಖೋಲಿಯಲ್ಲಿ ಅಡ್ಡಪರದೆ ಕಟ್ಟಿಕೊಂಡಿರುವವರು ಈ ನಗರದಲ್ಲಿ ಅಸಂಖ್ಯಾತರು. ಪ್ರತ್ಯೇಕವಾಗಿ ಬಾಳುವುದೆಂದರೆ ಪತಿಪತ್ನಿಯರಾಗಿ ಬಾಳದಿರುವುದು, ಒಂದೇ ಸೂರಿನಡಿಯಲ್ಲಿದ್ದರೂ ಅದು ಸಾಧ್ಯ ಎಂದು ಸರ್ವೋಚ್ಚ ನ್ಯಾಯಾಲಯವು 1991ರ ಸುರೇಷ್ಟಾ ದೇವಿಯ ಪ್ರಕರಣದಲ್ಲಿ ಹೇಳಿದ್ದು ಅಂಥವರಿಗೆ ದೊಡ್ಡ ಆಸರೆ. ಅರ್ಜಿಯಲ್ಲಿ ಮದುವೆಯ ದಿನ ಮತ್ತು ಸ್ಥಳ, ಬೇರೆಯಾದ ಕಾಲ, ಮಕ್ಕಳ ಪಾಲನೆ, ಜೀವನಾಂಶ, ಸ್ತ್ರೀಧನ, ಮನೆ, ಇವುಗಳ ಕುರಿತು ಉಭಯತರು ಒಪ್ಪಿದ ಷರತ್ತುಗಳು ಸ್ಪಷ್ಟವಾಗಿರಬೇಕು. ಸಮ್ಮತಿಯು ಬಲಾತ್ಕಾರದಿಂದಲಾಗಲಿ ವಂಚನೆಯಿಂದಲಾಗಲಿ ಪಡೆದುದಲ್ಲವೆಂದು ಪ್ರಮಾಣಪತ್ರವಿರಬೇಕು. ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ನೋಂದಣಿಯ ದಾಖಲೆ, ಗುರುತಿನ ಪತ್ರಗಳು ಜೊತೆಗಿರಬೇಕು. ಬಳಿಕ ವಿವಾಹ ಸಲಹೆಗಾರರು ಇಬ್ಬರನ್ನೂ ಕರೆದು ಮಾತನಾಡುತ್ತಾರೆ. ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕೆಂದು ಕಾಯಿದೆಯೇ ವಿಧಿಸಿರುವುದರಿಂದ ಮನೆಯ ಮಾತು ಸಭೆಯ ಪಾಲಾಗುವ ಭಯವೂ ಬೇಡ. ಅರ್ಜಿ ಸಲ್ಲಿಸಿದ ಆರು ತಿಂಗಳ ಅನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ತಮ್ಮ ನಿಶ್ಚಯ ದೃಢವೆಂದು ಹೇಳಿದರೆ ಡಿಕ್ರಿಯಾಗುತ್ತದೆ. ಬಹುಕಾಲದಿಂದ ಬೇರೆಯಾಗಿದ್ದು ಎಲ್ಲ ಷರತ್ತುಗಳೂ ಇತ್ಯರ್ಥವಾಗಿರುವಲ್ಲಿ ಆ ಆರು ತಿಂಗಳ ಅವಧಿಯನ್ನು ನ್ಯಾಯಾಲಯವು ಮನ್ನಿಸಬಹುದೆಂದು 2017ರ ಅಮರದೀಪ್ ಸಿಂಗ್ ಪ್ರಕರಣದ ತೀರ್ಪು ಹೇಳುತ್ತದೆ. ಇನ್ನು ನ್ಯಾಯಾಲಯದ ಶುಲ್ಕದ ಮಾತು: ವಿಚ್ಛೇದನ ಮತ್ತು ಜೀವನಾಂಶದ ಅರ್ಜಿಗಳಲ್ಲಿ ಮಹಾರಾಷ್ಟ್ರ ಸರಕಾರವು 1994ರಿಂದ ಸ್ತ್ರೀಯರಿಗೆ ಅದನ್ನು ಬಿಟ್ಟುಕೊಟ್ಟಿದೆ. ಇಷ್ಟು ಕೆಲಸಕ್ಕೆ, ಹೋಟೆಲಿನಲ್ಲಿ ದುಡಿಯುವವನೊಬ್ಬ ಅಥವಾ ಹೊಲಿಗೆಯಿಂದ ಮಕ್ಕಳನ್ನು ಸಾಕುವವಳೊಬ್ಬಳು ತಿಂಗಳುಗಟ್ಟಲೆ ಸಂಪಾದನೆಯನ್ನು ಸುರಿಯಬೇಕಾದುದು ನ್ಯಾಯವಲ್ಲ.

ಹಾಗೆಂದು ಎಲ್ಲರೂ ಏಕಾಕಿಗಳಾಗಿ ಹೋಗಿರೆಂದು ನಾನು ಹೇಳಲಾರೆ. ಗಂಡ ಹೊಡೆದಿದ್ದರೆ, ಹೆಂಡತಿಯ ಸಹಿಯನ್ನು ಬೆದರಿಸಿ ಪಡೆಯುತ್ತಿದ್ದರೆ, ಮಗುವನ್ನು ಒಬ್ಬರು ಅಡಗಿಸಿಟ್ಟಿದ್ದರೆ, ಮನೆಯೋ ಅಂಗಡಿಯೋ ಜಂಟಿಯಾಗಿದ್ದರೆ, ಅಥವಾ ಒಬ್ಬರು ಬೇಡವೆನ್ನುತ್ತಿದ್ದು ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಕ್ಷಿಗಳಿಂದ ಸ್ಥಾಪಿಸಬೇಕಾಗಿದ್ದರೆ, ಅಲ್ಲಿ ಶಾಸನಜ್ಞರ ಸಹಾಯವಿಲ್ಲದೆ ಮುಂದಡಿಯಿಡುವುದು ಅಪಾಯಕರ. ವಿಶೇಷವಾಗಿ ಸ್ತ್ರೀಯರು ಅರಿಯಬೇಕಾದ ಒಂದು ವಿಷಯವಿದೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ, ಆದಾಯವೆಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಯೂ ಸರಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯಲು ಅರ್ಹಳು, 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮಾರ್ಗ ತಿಳಿಯುತ್ತದೆ. ಸಮ್ಮತಿಯ ಅರ್ಜಿಯಲ್ಲಿಯೂ ಎಚ್ಚರ ಬೇಕು. ಉಭಯ ಸಮ್ಮತಿಯಿಂದಾದ ಡಿಕ್ರಿಯ ಮೇಲೆ ಅಪೀಲಿಗೆ ಅವಕಾಶವಿಲ್ಲ. ಅವಸರದಲ್ಲಿ ಜೀವನಾಂಶವನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟವಳು ಮುಂದೆ ಬಹಳ ಕಷ್ಟಪಡಬೇಕಾದೀತು. ಡಿಕ್ರಿಯಾಗುವ ಕ್ಷಣದವರೆಗೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂಬುದನ್ನೂ ಸುರೇಷ್ಟಾ ದೇವಿಯ ತೀರ್ಪೇ ಸ್ಪಷ್ಟಪಡಿಸಿದೆ. ಆ ಮಾತನ್ನು ಅರ್ಜಿಗೆ ಸಹಿ ಹಾಕುವ ಪ್ರತಿಯೊಬ್ಬಳಿಗೂ ಮೊದಲೇ ತಿಳಿಸಬೇಕು.

ತಿಳಿಸುವವರು ಯಾರು? ಇಲ್ಲಿಯೇ ನಮ್ಮ ಜನರ ನಿಜವಾದ ತೊಡಕಿರುವುದು. ನ್ಯಾಯಾಲಯದ ಕಾಗದಪತ್ರಗಳು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತವೆ. ಮೂವತ್ತು ವರ್ಷ ಇಲ್ಲಿ ಬಾಳಿ ವ್ಯವಹಾರದ ಮರಾಠಿಯನ್ನು ಸರಾಗವಾಗಿ ಆಡುವವರಿಗೂ, ತಮ್ಮ ದಾಂಪತ್ಯದ ನೋವನ್ನು ಅಪರಿಚಿತರ ಎದುರಿಗೆ ಹೇಳುವಾಗ ನಾಲಗೆಗೆ ಬರುವುದು ಕನ್ನಡ ಅಥವಾ ತುಳು. ಸಲಹೆಗಾರರ ಮುಂದೆ ಕುಳಿತ ಹೆಣ್ಣುಮಗಳು ಅರ್ಧ ಹೇಳಿ ಅರ್ಧ ನುಂಗಿದರೆ, ಆ ನುಂಗಿದ ಅರ್ಧದಲ್ಲಿಯೇ ಅವಳ ಹಕ್ಕು ಅಡಗಿರುವ ಸಂಭವವುಂಟು. ವಕೀಲರಿಲ್ಲದೆ ಹೋಗುವ ಸ್ವಾತಂತ್ರ್ಯವನ್ನು ಶಾಸನವು ಎಲ್ಲರಿಗೂ ಸಮನಾಗಿ ಕೊಟ್ಟಿದ್ದರೂ, ಅದನ್ನು ಬಳಸುವ ಸಾಮರ್ಥ್ಯವು ಓದುಬಲ್ಲವರಿಗೂ ಭಾಷೆ ಬಲ್ಲವರಿಗೂ ಮಾತ್ರ ಉಳಿದುಬಿಡುವುದು ನನಗೆ ಅತ್ಯಂತ ಖೇದಕರವಾಗಿ ಕಾಣುತ್ತದೆ.

ಈ ಕೊರತೆಯನ್ನು ನೀಗುವ ಸಾಧನ ನಮ್ಮ ಬಳಿಯಲ್ಲಿಯೇ ಇದೆ. ಚೆಂಬೂರು ಕರ್ನಾಟಕ ಸಂಘವು ಶಾಲೆಯನ್ನು ಕಟ್ಟಿದ್ದು ಮಾತ್ರವಲ್ಲ, ಚೆಂಬೂರು ಕರ್ನಾಟಕ ಕಾನೂನು ಕಾಲೇಜನ್ನೂ ನಡೆಸುತ್ತಿದೆ. ಹೊರನಾಡಿನ ಕನ್ನಡ ಸಂಸ್ಥೆಯೊಂದು ನ್ಯಾಯಶಾಸ್ತ್ರದ ವಿದ್ಯಾಲಯವನ್ನು ಹೊಂದಿರುವುದು ಸಾಮಾನ್ಯವಾದ ಸಂಗತಿಯಲ್ಲ. ಕಾನೂನು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಜನರಿಗೆ ಉಚಿತವಾಗಿ ನೆರವಾಗುವ ಕೇಂದ್ರಗಳಿರಬೇಕೆಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2013ರ ಯೋಜನೆಯಲ್ಲಿಯೇ ವಿಧಿಸಿದೆ. ಅದಕ್ಕನುಸಾರವಾಗಿ ವಾರಕ್ಕೊಂದು ಸಂಜೆ, ದುಡಿದು ಬಂದವರಿಗೂ ಅನುಕೂಲವಾಗುವ ಹೊತ್ತಿನಲ್ಲಿ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕೇಳಿ ಬರೆದುಕೊಳ್ಳುವ ಒಂದು ಮೇಜನ್ನು ತೆರೆದರೆ ಸಾಕು. ಅರ್ಜಿಯ ನಮೂನೆಗೆ ಕನ್ನಡದ ವಿವರಣೆ, ಬೇಕಾದ ದಾಖಲೆಗಳ ಪಟ್ಟಿ, ಷರತ್ತುಗಳನ್ನು ಓದಿ ಹೇಳುವ ಒಬ್ಬ ಹಿರಿಯ ವಕೀಲರು, ಬಾಂದ್ರಾಕ್ಕೆ ಮೊದಲ ತಾರೀಖಿನಂದು ಜೊತೆಗೆ ಹೋಗುವ ಒಬ್ಬ ಸ್ವಯಂಸೇವಕಿ, ಇಷ್ಟರಿಂದಲೇ ಬಹುದೊಡ್ಡ ಉಪಕಾರವಾಗುತ್ತದೆ. ವಕೀಲ ಬಂಧುಗಳು ಇದರಿಂದ ತಮ್ಮ ವೃತ್ತಿಗೆ ಹಾನಿಯೆಂದು ಭಾವಿಸಬಾರದು. ವಾದವಿರುವ ಪ್ರಕರಣಗಳು ಅವರ ಬಳಿಗೆ ಬಂದೇ ಬರುತ್ತವೆ, ಬರಬೇಕೂ ಹೌದು.

ವಿಚ್ಛೇದನಕ್ಕೆ ನೆರವಾಗುವುದು ಸಂಸಾರ ಮುರಿಯುವ ಕೆಲಸವೆಂದು ಅಳುಕುವ ಹಿರಿಯರು ಸಂಘಗಳಲ್ಲಿರುವುದನ್ನು ಬಲ್ಲೆ, ಅವರ ಸದ್ಭಾವವನ್ನು ಗೌರವಿಸುತ್ತೇನೆ. ಆದರೆ ಅಂಥ ಮೇಜಿನ ಬಳಿ ಬಂದವರಿಗೆ ರಾಜಿಯ ಮಾತನ್ನೂ ಹೇಳಬಹುದು. ಆ ಅವಕಾಶ ಛಾಪಾ ಕಾಗದ ಬರೆಯುವವನ ಬಳಿ ದೊರೆಯದು. ಹೋಟೆಲಿನ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಹಿರಿಯರು, ಹುಡುಗರು ದುಡಿಮೆ ಬಿಟ್ಟು ಓದಲಿಕ್ಕೆ ಹೋದಾರೆಂದು ಅಂಜಿ ಕೂರಲಿಲ್ಲ. ಚೆಂಬೂರು ಕರ್ನಾಟಕ ಸಂಘದ ಕಾರ್ಯಕಾರಿ ಸಮಿತಿಯೂ, ಕುರ್ಲಾದ ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿಗಳಂಥ ಸಂಸ್ಥೆಗಳ ಮಹಿಳಾ ವಿಭಾಗದವರೂ ಒಂದೆಡೆ ಕುಳಿತು ಇದನ್ನು ಆಲೋಚಿಸಿ, ಬರುವ ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಆ ಮೇಜನ್ನು ತೆರೆಯಬೇಕೆಂದು ವಿನಂತಿಸುತ್ತೇನೆ.