ಅರ್ಧ ದಿನದ ರಜೆ

ನಮ್ಮ ವಿದ್ಯಾವಂತರಿಗೆ ಬಾಯಿಪಾಠವಾಗಿರುವ ಮಾತೊಂದಿದೆ: "ಈ ಜನಕ್ಕೆ ತಿಳಿವಳಿಕೆ ಸಾಲದು. ಸರ್ಕಾರ ಆಸ್ಪತ್ರೆ ತೆರೆದರೂ ಹೋಗುವುದಿಲ್ಲ. ರೋಗ ಬಲಿತ ಮೇಲೆ ಅಳುತ್ತಾರೆ." ಬಸವೇಶ್ವರನಗರದ ಅರಿಶಿನ ಕುಂಕುಮದ ಕೂಟವೊಂದರಲ್ಲಿ ಮೊನ್ನೆಯೂ ಇದನ್ನೇ ಕೇಳಿದೆ. ಕುಳಿತಿದ್ದವರೆಲ್ಲ ತಲೆದೂಗಿದರು. ಒಂದು ವರ್ಷದ ಹಿಂದಾಗಿದ್ದರೆ ನಾನೂ ತಲೆದೂಗುತ್ತಿದ್ದೆ.

ನಮ್ಮ ಮನೆಗೆಲಸದಾಕೆ ಬರುವುದು ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಿಂದ. ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಂಟು ತಿಂಗಳಾದ ಮೇಲೆ ನನಗೆ ಹೇಳಿದಳು. ಮೊದಲೇ ಏಕೆ ತೋರಿಸಲಿಲ್ಲವೆಂದು ಗದರಿದೆ. "ನಾಲ್ಕು ಮನೆ ಕೆಲಸ ಅಮ್ಮಾ, ಯಾರ ಮನೇಲಿ ತಪ್ಪಿಸಲಿ? ಹೋದ ಮೇಲೆ ಡಾಕ್ಟ್ರು ಅದೇ ಅಂತ ಅಂದುಬಿಟ್ರೆ, ಮಕ್ಕಳನ್ನ ಯಾರು ನೋಡ್ತಾರೆ?" ಎಂದಳು. ಇದು ಅಜ್ಞಾನವೆ? ಗಂಟು ಏನಾಗಿರಬಹುದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆದರಿದಳು.

ಬಸ್ಸಿನ ಕಾಸು ಅಡ್ಡಬಂತೆನ್ನುವಂತೆಯೂ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಬ್ಯಾಡರಹಳ್ಳಿಯಿಂದ ಕೃಷ್ಣರಾಜ ಮಾರುಕಟ್ಟೆಯವರೆಗೆ, ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲಿಗೆ, ಕೈಬೀಸಿಕೊಂಡು ಹೋಗಬಹುದು. ಆದರೆ ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ಹೊತ್ತು ಪುಕ್ಕಟೆಯಾಯಿತೆ? ಮಾಗಡಿ ರಸ್ತೆಯ ವಾಹನಸಂದಣಿ, ಹೊರರೋಗಿಗಳ ಸಾಲು, ರಕ್ತಪರೀಕ್ಷೆಗೆ "ನಾಳೆ ಬನ್ನಿ." ಒಂದು ಗಂಟಿಗೆ ಮೂರು ದಿನ.

ಹತ್ತಿರದಲ್ಲಿಯೇ ಸಿಗಲೆಂದು 2022ರ ಕೊನೆಯಲ್ಲಿ ನಮ್ಮ ಕ್ಲಿನಿಕ್‌ಗಳು ಆರಂಭವಾದವು. ಒಳ್ಳೆಯ ಕೆಲಸ, ಹಂಗಿಸುವುದಿಲ್ಲ. ಆದರೆ ಆಗ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4-30. ಆ ಹೊತ್ತಿನಲ್ಲಿ ಬ್ಯಾಡರಹಳ್ಳಿಯ ಹೆಂಗಸು ಎಲ್ಲಿರುತ್ತಾಳೆ? ಒಬ್ಬಳು ಪೀಣ್ಯದ ಗಾರ್ಮೆಂಟ್ಸಿನಲ್ಲಿ, ಇನ್ನೊಬ್ಬಳು ನಮ್ಮ ನಿಮ್ಮ ಅಡಿಗೆಮನೆಯಲ್ಲಿ. ಈ ವೇಳೆ ಯಾರಿಗೆ ಅನುಕೂಲವೆಂದು ಗೊತ್ತುಮಾಡಿದವರೇ ಹೇಳಬೇಕು.

ಕಾರ್ಖಾನೆಯಾಕೆಯ ಗತಿ ಕೊಂಚ ಮೇಲು. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಆಕೆಗುಂಟು, ರಾಜಾಜಿನಗರದ ದೊಡ್ಡ ಆಸ್ಪತ್ರೆಯುಂಟು. ಕಾಯಿಲೆಯ ರಜೆಗೆ ಕೂಲಿಯ ನೂರಕ್ಕೆ 70ರಷ್ಟು ಕೊಡುವ ಏರ್ಪಾಟೂ ಆಯಿತು. ಆದರೆ ಮೊದಲ ಎರಡು ದಿನಕ್ಕೆ ಕಾಸಿಲ್ಲವೆಂಬುದು ಆ ಕಾಯಿದೆಯ ಕೊಕ್ಕೆ. ರೋಗವನ್ನು ಮೊದಲೇ ಪತ್ತೆಮಾಡಿಸಿಕೊಳ್ಳಲು ಬೇಕಾದುದು ಆ ಎರಡು ದಿನವೇ ಅಲ್ಲವೆ? ಮನೆಗೆಲಸದವಳಿಗೆ ಆ ಕೊಕ್ಕೆಯ ಕಾಯಿದೆಯೂ ಇಲ್ಲ. ನಮ್ಮ ಮನೆ ಕಾರ್ಖಾನೆಯಲ್ಲವಂತೆ!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹೆಂಗಸರನ್ನು ಕೇಳಿದ ಪ್ರಶ್ನೆಗಳನ್ನು ನೋಡಿ. ವೈದ್ಯರಲ್ಲಿಗೆ ಹೋಗಲು ಅನುಮತಿ ಸಿಗುವುದು ಕಷ್ಟವೆ, ದುಡ್ಡು ಕಷ್ಟವೆ, ದೂರವೆ, ಜೊತೆಗೆ ಬರುವವರು ಸಿಗುವುದು ಕಷ್ಟವೆ, ಹೆಣ್ಣು ವೈದ್ಯರು ಇರಲಾರರೆಂಬ ಅಳುಕೆ. ಒಳ್ಳೆಯ ಪ್ರಶ್ನೆಗಳು, ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಲು ನಮ್ಮ ಕೆಲಸದಾಕೆಯೂ ನಾಚಿದ್ದಳು. ಆದರೆ "ಅನುಮತಿ" ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅತ್ತೆ, ಗಂಡ. ಆಕೆಯ ಗಂಡ "ಹೋಗು" ಎಂದೇ ಅಂದಿದ್ದ. ಆಕೆ ಕೇಳಲು ಹೆದರಿದ್ದು ನನ್ನನ್ನು. ತಿಂಗಳಲ್ಲಿ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಿದರೆ ಸಂಬಳ ಹಿಡಿಯುತ್ತೇನೆಂದು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದವಳು ನಾನು. ಮರೆತೂ ಬಿಟ್ಟಿದ್ದೆ, ಆಕೆ ಮರೆತಿರಲಿಲ್ಲ.

ತಿಳಿವಳಿಕೆಯ ಭಿತ್ತಿಪತ್ರ ಅಂಟಿಸುವವರು ಅಂಟಿಸಲಿ, ಬೇಡವೆನ್ನುವುದಿಲ್ಲ. ಅವುಗಳಲ್ಲಿ ಕೆಲವನ್ನು ನಮ್ಮ ಬಡಾವಣೆಗಳ ಗೇಟಿಗೂ ಅಂಟಿಸಬೇಕು. ಕ್ಲಿನಿಕ್ಕು ಕೆಲಸದವರ ಪೇಟೆಯಲ್ಲಿ ರಾತ್ರಿ 8ರವರೆಗೆ ತೆರೆದಿರಲಿ, ಭಾನುವಾರವೂ ತೆರೆದಿರಲಿ. ಆಸ್ಪತ್ರೆಯ ಚೀಟಿ ತಂದವಳಿಗೆ ಸಂಬಳ ಹಿಡಿಯದೆ ರಜೆ ಕೊಡಲು ನಮಗೆ ಯಾವ ಕಾಯಿದೆಯೂ ಬೇಕಾಗಿಲ್ಲ.

ಆಕೆ ಈಗ ಮೂರು ವಾರಕ್ಕೊಮ್ಮೆ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಿದ್ದಾಳೆ. ಉಳಿದ ಮೂರು ಮನೆಗಳಲ್ಲಿ ಎರಡು ಮನೆಯವರು ಆ ದಿನಗಳ ಸಂಬಳ ಹಿಡಿಯುತ್ತಾರೆ. ಮೂರನೆಯವರು ಬೇರೊಬ್ಬಳನ್ನು ಇಟ್ಟುಕೊಂಡಿದ್ದಾರೆ. ಕುಂಕುಮದ ಕೂಟದಲ್ಲಿ ತಿಳಿವಳಿಕೆಯ ಮಾತೆತ್ತಿದವರು ಅವರೇ.